ಸುದ್ದಿಗೊಂದು ಸುಂಕದ ಕಟ್ಟೆ

ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ರೇಡಿಯೋ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕ ಇರುತ್ತಿತ್ತು. ಅದು ಲೈಸೆನ್ಸಿನ ಪುಸ್ತಕ. ವರ್ಷಕ್ಕೊಮ್ಮೆ ನಮ್ಮ ತಂದೆಯವರು ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಚೆ ಕಚೇರಿಗೆ ಹೋಗಿ, ೧೫ ರೂಪಾಯಿ ಕಟ್ಟಿ, ಅದರಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವೇನೂ ಅಲ್ಲ. ಆದರೂ ಸಂಜೆ ವಾರ್ತೆಯ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಿದ್ದವರಲ್ಲಿ ಯಾರನ್ನೂ ಅವರು "ನಿನ್ನ ಪಾಲು ಎಷ್ಟು?" ಎಂದು ಕೇಳಿದವರಲ್ಲ. ಕವಳದ ತಟ್ಟೆ ನಡುವೆ ಇರುತ್ತಿತ್ತು. ಸುತ್ತ ಏಳೆಂಟು ಜನ ಇರುತ್ತಿದ್ದರು. ತೋಟದ ಕೆಲಸ ಮುಗಿಸಿ ಬಂದವರು ಅಂಗಳದ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಹಣ ಕೊಟ್ಟವನು ಒಬ್ಬ, ಕೇಳಿದವರು ಹತ್ತು ಮಂದಿ. ಲೈಸೆನ್ಸಿನ ಪದ್ಧತಿ ೧೯೮೦ರ ದಶಕದಲ್ಲಿ ರದ್ದಾಯಿತು. ಆ ಪುಸ್ತಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ಒಬ್ಬ ಕೊಟ್ಟು ಹತ್ತು ಮಂದಿ ಕೇಳುವ ಆ ಲೆಕ್ಕ ಮಾತ್ರ ಈಚೆಗೆ ಒಂದು ದಿನ ಇದ್ದಕ್ಕಿದ್ದಂತೆ ನೆನಪಿಗೆ ಬಂತು.

ಹೋದ ಮಳೆಗಾಲದ ಮಾತು. ವರದಹಳ್ಳಿಯ ಕಡೆಯ ನಮ್ಮ ನೆರೆಯವರೊಬ್ಬರು, ವಯಸ್ಸಾದವರು, ಕೊಡೆ ಮಡಿಸಿ ಜಗಲಿಯ ಮೂಲೆಗಿಟ್ಟು ಒಳಗೆ ಬಂದರು. ಕೈಯಲ್ಲಿ ಮೊಮ್ಮಗನ ಮೊಬೈಲು. ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಸಿದ್ಧವಾಗಿ ಶರಾವತಿಯ ನೀರು ಏರಿದಾಗ ಮನೆ, ತೋಟ, ದೇವಸ್ಥಾನಗಳನ್ನೆಲ್ಲ ಬಿಟ್ಟು ಮೇಲಕ್ಕೆ ಬಂದ ಕುಟುಂಬ ಅವರದು. ಹಾಗೆ ಬಂದವರಲ್ಲಿ ಎಷ್ಟೋ ಮಂದಿಗೆ ಕೊಟ್ಟ ನೆಲದ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲವೆಂಬುದು ಈ ಸೀಮೆಯವರಿಗೆಲ್ಲ ಗೊತ್ತಿರುವ ಸಂಗತಿ. "ಮೇಷ್ಟ್ರೇ, ಮುಳುಗಡೆ ಜಮೀನಿನ ವಿಷಯ ಏನೋ ಇಂಗ್ಲಿಷ್ ಪೇಪರಿನಲ್ಲಿ ಬಂದಿದೆಯಂತೆ. ಎರಡು ಸಾಲು ತೋರಿಸಿ ಬಾಗಿಲು ಹಾಕಿಬಿಟ್ಟಿದೆ ಮಾರಾಯ್ರೇ. ಒಳಗೆ ಏನಿದೆ ಅಂತ ಸ್ವಲ್ಪ ಓದಿ ಹೇಳಿ" ಎಂದರು.

ನೋಡಿದೆ. ತಲೆಬರಹ ಸ್ಪಷ್ಟವಾಗಿತ್ತು. ಮೊದಲ ಎರಡು ಸಾಲೂ ಸ್ಪಷ್ಟ. ಮೂರನೆಯ ಸಾಲು ಮಂಜಿನಲ್ಲಿ ಮರೆಯಾದ ಹಾಗೆ ಮಸುಕಾಗಿ, ಅದರ ಕೆಳಗೆ ಒಂದು ಚೌಕದಲ್ಲಿ ಮುಂದಕ್ಕೆ ಓದಬೇಕಾದರೆ ಚಂದಾ ಕಟ್ಟಿ ಎಂಬ ಒಕ್ಕಣೆ ಇತ್ತು. ಮೂವತ್ತು ವರ್ಷ ಹುಡುಗರಿಗೆ ಓದು ಕಲಿಸಿದವನು ನಾನು. ಆದರೂ ಆ ಮೂರನೆಯ ಸಾಲನ್ನು ಅವರಿಗೆ ಓದಿ ಹೇಳಲಾರದೆ ಹೋದೆ. ಅದು ಯಾವ ಪತ್ರಿಕೆ ಎಂಬುದು ಇಲ್ಲಿ ಮುಖ್ಯವಲ್ಲ. ತನ್ನದೇ ನೆಲದ ಸುದ್ದಿ ತನ್ನ ಕೈಯಲ್ಲೇ ಇದ್ದೂ ಮನುಷ್ಯನೊಬ್ಬನಿಗೆ ತಿಳಿಯದೆ ಉಳಿಯಿತಲ್ಲ ಎಂಬುದೇ ಮುಖ್ಯ. ಇಂದಿನ ನನ್ನ ಮಾತು ಅದರ ವಿಷಯವಾಗಿಯೇ.

ಇದಕ್ಕೆ ಇಂಗ್ಲಿಷಿನಲ್ಲಿ 'ಪೇವಾಲ್' ಎನ್ನುತ್ತಾರೆ. ಹಣದ ಗೋಡೆ ಎಂದು ಅರ್ಥ ಮಾಡಬಹುದು. ಕನ್ನಡ ಪಂಡಿತನಾದ ನನಗೆ ಆ ಮಾತು ಅಷ್ಟು ಒಗ್ಗಲಿಲ್ಲ. ಗೋಡೆ ಎಂದರೆ ಯಾರಿಗೂ ದಾರಿ ಕೊಡದೆ ನಿಲ್ಲುವಂಥದು. ಇದಾದರೋ ಹಣ ಕೊಟ್ಟವನಿಗೆ ದಾರಿ ಬಿಡುತ್ತದೆ, ಕೊಡದವನನ್ನು ತಡೆಯುತ್ತದೆ. ಅಂಥದಕ್ಕೆ ನಮ್ಮಲ್ಲಿ ಹಿಂದಿನಿಂದ ಒಂದು ಹೆಸರುಂಟು: ಸುಂಕದ ಕಟ್ಟೆ. ಘಟ್ಟ ಹತ್ತುವ, ಇಳಿಯುವ ದಾರಿಗಳಲ್ಲಿ ಎತ್ತಿನ ಹೇರುಗಳನ್ನು ನಿಲ್ಲಿಸಿ ಸುಂಕ ವಸೂಲು ಮಾಡುತ್ತಿದ್ದ ಕಟ್ಟೆಗಳ ನೆನಪು ಎಷ್ಟೋ ಊರುಗಳ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆಯೂ ಆಗಿನದೇ. ನಮ್ಮ ನೆರೆಯವರು ಅಂದು ಮೊಬೈಲಿನ ಮುಂದೆ ನಿಂತಿದ್ದ ರೀತಿಗೆ ಆ ಗಾದೆ ಚೆನ್ನಾಗಿ ಒಪ್ಪುತ್ತಿತ್ತು.

ಈ ಕಟ್ಟೆಗಳಲ್ಲಿ ಮೂರು ಬಗೆ. ಹಣ ಕೊಡದೆ ಒಂದು ಸಾಲನ್ನೂ ಓದಗೊಡದೆ ಪೂರ್ತಿ ಮುಚ್ಚಿರುವುದು ಒಂದು. ತಿಂಗಳಿಗೆ ಇಷ್ಟು ಲೇಖನ ಎಂದು ಎಣಿಸಿ ಕೊಟ್ಟು, ಎಣಿಕೆ ಮುಗಿದ ಮೇಲೆ ತಡೆಯುವುದು ಎರಡನೆಯದು. ನಿತ್ಯದ ಸುದ್ದಿಯನ್ನು ಎಲ್ಲರಿಗೂ ಬಿಟ್ಟು, ತಮ್ಮವರೇ ತಿರುಗಾಡಿ ಶೋಧಿಸಿ ಬರೆದ ವಿಶೇಷ ಲೇಖನಗಳನ್ನು ಮಾತ್ರ ಚಂದಾದಾರರಿಗೆ ಮೀಸಲಿಡುವುದು ಮೂರನೆಯದು. ಲಂಡನ್ನಿನ 'ಟೈಮ್ಸ್' ಪತ್ರಿಕೆ ೨೦೧೦ರ ಜುಲೈಯಲ್ಲಿ ಮೊದಲನೆಯ ಬಗೆಯ ಕಟ್ಟೆಯನ್ನು ಕಟ್ಟಿತು. 'ನ್ಯೂಯಾರ್ಕ್ ಟೈಮ್ಸ್' ೨೦೧೧ರ ಮಾರ್ಚಿಯಲ್ಲಿ ಎರಡನೆಯ ಬಗೆಯದನ್ನು ಕಟ್ಟಿ ತಿಂಗಳಿಗೆ ೨೦ ಲೇಖನಗಳನ್ನು ಪುಕ್ಕಟೆ ಕೊಟ್ಟಿತು. ಮುಂದಿನ ವರ್ಷ ಅದನ್ನು ಹತ್ತಕ್ಕೆ ಇಳಿಸಿತು. ನಮ್ಮ ದೇಶದಲ್ಲಿ ಇಂಗ್ಲಿಷ್ ದಿನಪತ್ರಿಕೆಗಳೂ ವಾಣಿಜ್ಯ ಪತ್ರಿಕೆಗಳೂ ಕೆಲವು ಈ ದಾರಿ ಹಿಡಿದಿವೆ. ಕನ್ನಡ ದಿನಪತ್ರಿಕೆಗಳ ಜಾಲತಾಣಗಳಲ್ಲಿ ಸುದ್ದಿ ಬಹುಮಟ್ಟಿಗೆ ತೆರೆದೇ ಇದ್ದರೂ, ಅಚ್ಚಿನ ಪತ್ರಿಕೆಯ ಪಡಿಯಚ್ಚಿನಂತಿರುವ ಇ-ಪೇಪರಿಗೆ ಚಂದಾ ಕೇಳುವ ರೂಢಿ ಇಲ್ಲಿಯೂ ಬಂದಿದೆ. ಇಂದು ಇಂಗ್ಲಿಷಿನವರ ಅಂಗಳದಲ್ಲಿರುವ ಕಟ್ಟೆ ನಾಳೆ ನಮ್ಮ ಅಂಗಳಕ್ಕೂ ಬರಬಹುದು. ಬರುವ ಮೊದಲೇ ಯೋಚಿಸುವುದು ಲೇಸು.

ಪತ್ರಿಕೆಯವರು ಹೀಗೇಕೆ ಮಾಡುತ್ತಾರೆ? ದುರಾಶೆಯಿಂದ ಎಂದುಬಿಡುವುದು ಸುಲಭ. ನಾನೂ ಮೊದಲು ಹಾಗೆಯೇ ಅಂದವನು. ಆ ಮಾತನ್ನು ನನ್ನಿಂದ ಹಿಂದಕ್ಕೆ ತೆಗೆಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ತಾಲ್ಲೂಕಿನ ಸುದ್ದಿ ಬರೆಯುವ ವರದಿಗಾರನಾಗಿದ್ದಾನೆ. ಒಂದು ದಿನ ದಾರಿಯಲ್ಲಿ ಸಿಕ್ಕಾಗ, "ಎಲೆಚುಕ್ಕಿ ರೋಗದ ಮೇಲೆ ನೀನು ಬರೆದದ್ದು ಚೆನ್ನಾಗಿತ್ತಪ್ಪ, ಓದಿದೆ" ಎಂದೆ. "ಎಲ್ಲಿ ಓದಿದಿರಿ ಸಾರ್?" ಎಂದ. "ಮೊಬೈಲಿಗೆ ಬಂತು" ಎಂದೆ. ಅವನು ನಕ್ಕ. "ಅದು ಬಂದದ್ದಲ್ಲ ಸಾರ್, ಯಾರೋ ಹೊತ್ತು ತಂದದ್ದು" ಎಂದ.

ನನಗೆ ಮುಖ ತಗ್ಗಿಸುವಂತಾಯಿತು. ಅವನು ಹೇಳಿದ್ದು ನಿಜ. ದಿನಾ ಬೆಳಗ್ಗೆ ಆರು ಗಂಟೆಗೆ ಯಾರೋ ಒಬ್ಬ ಪುಣ್ಯಾತ್ಮರು ಆ ದಿನದ ಪತ್ರಿಕೆಗಳನ್ನೆಲ್ಲ ಪಿಡಿಎಫ್ ಮಾಡಿ ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ೨೦೨೦ರ ಲಾಕ್‌ಡೌನಿನಲ್ಲಿ ಮನೆಬಾಗಿಲಿಗೆ ಪೇಪರು ಬರುವುದು ನಿಂತಾಗ ಈ ಅಭ್ಯಾಸ ಹತ್ತಿಕೊಂಡದ್ದು, ಲಾಕ್‌ಡೌನು ಹೋದ ಮೇಲೂ ಬಿಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಒಂದು ಹಿಂದಿ ಪತ್ರಿಕೆಯ ಒಡೆಯರು ಟೆಲಿಗ್ರಾಂ ಸಂಸ್ಥೆಯ ಮೇಲೆ ದಿಲ್ಲಿಯ ಹೈಕೋರ್ಟಿಗೆ ಹೋಗಿ, ತಮ್ಮ ಇ-ಪೇಪರನ್ನು ಹೀಗೆ ಹಂಚುತ್ತಿದ್ದ ಚಾನೆಲುಗಳನ್ನು ತೆಗೆಸುವ ಆಜ್ಞೆ ತಂದರು. ಶಾಲೆಯಲ್ಲಿ ಹುಡುಗರಿಗೆ ಕಾಪಿ ಮಾಡಬೇಡಿರೆಂದು ಹೇಳುವ ನಾನು ಮನೆಯಲ್ಲಿ ದಿನಾ ಬೆಳಗ್ಗೆ ಮಾಡುತ್ತಿದ್ದುದು ಏನು?

ಅವನು ಇನ್ನೊಂದು ಮಾತು ಹೇಳಿದ: "ಸಾರ್, ದೀಪಾವಳಿ ವಿಶೇಷ ಪುರವಣಿ ಬಂತೆಂದರೆ ನಾನು ಸುದ್ದಿಗೆ ಅಲೆಯುವುದಕ್ಕಿಂತ ಜಾಹೀರಾತಿಗೆ ಅಲೆಯುವುದೇ ಹೆಚ್ಚು. ಇವತ್ತು ಯಾರ ಹತ್ತಿರ ಕೈಚಾಚಿ ಜಾಹೀರಾತು ಕೇಳುತ್ತೇನೋ ನಾಳೆ ಅವರ ಮೇಲೆ ಹೇಗೆ ಬರೆಯಲಿ?"

ಈ ಒಂದು ಪ್ರಶ್ನೆಯಲ್ಲಿ ವೃತ್ತಪತ್ರಿಕೆಯ ಅರ್ಥಶಾಸ್ತ್ರವೆಲ್ಲ ಅಡಗಿದೆ. ನಾವು ಪತ್ರಿಕೆಗೆ ಕೊಡುವ ಬೆಲೆ ಕಾಗದ, ಶಾಯಿ, ಅಚ್ಚು, ಸಾಗಣೆಗಳ ಖರ್ಚಿಗೂ ಸಾಲದು. ಉಳಿದದ್ದನ್ನು ಜಾಹೀರಾತಿನವರು ತುಂಬಿಕೊಡುತ್ತಿದ್ದರು. ಬೆಲೆ ಇಳಿಸಿ ಓದುಗರನ್ನು ಸೆಳೆಯುವ ಪೈಪೋಟಿಯನ್ನು ಈ ಶತಮಾನದ ಆರಂಭದಲ್ಲಿ ಕನ್ನಡ ಪತ್ರಿಕೆಗಳ ನಡುವೆಯೇ ನಾವು ಕಂಡೆವು. ಅಗ್ಗವಾದದ್ದು ನಮಗೆ ಹಿತವಾಗಿಯೇ ಇತ್ತು. ಸುದ್ದಿ ಎಂದರೆ ಒಂದು ಲೋಟ ಚಹಕ್ಕಿಂತ ಕಡಿಮೆ ಬೆಲೆಯದೆಂದು ಮನಸ್ಸಿಗೆ ರೂಢಿಯಾಯಿತು. ಆಮೇಲೆ ಜಾಲತಾಣ ಬಂತು, ಅಷ್ಟು ಬೆಲೆಯೂ ಬೇಡವಾಯಿತು. ಜಾಹೀರಾತಿನ ಹಣದಲ್ಲಿ ದೊಡ್ಡ ಪಾಲು ಪತ್ರಿಕೆಗಳ ಕೈತಪ್ಪಿ ಗೂಗಲ್, ಫೇಸ್‌ಬುಕ್‌ಗಳ ಕಡೆಗೆ ಹರಿಯಿತು. ಮನೆ ಬಾಡಿಗೆಗಿದೆ, ವರ ಬೇಕಾಗಿದ್ದಾನೆ ಎಂಬ ಕಿರುಜಾಹೀರಾತುಗಳು ಕೂಡ ಬೇರೆ ಮನೆ ನೋಡಿಕೊಂಡವು. ಓದುಗ ಕೊಡುವುದಿಲ್ಲ, ಜಾಹೀರಾತು ಬರುವುದಿಲ್ಲ. ಹಾಗಾದರೆ ವರದಿಗಾರನಿಗೆ ಸಂಬಳ ಕೊಡುವವರು ಯಾರು? ಸುಂಕದ ಕಟ್ಟೆ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ.

ಇಲ್ಲಿ ಒಂದು ಶಬ್ದದ ವಿಚಾರ ಹೇಳಿದರೆ ಕೇಳುಗರು ಮನ್ನಿಸಬೇಕು, ಪಂಡಿತನ ಚಾಳಿ. ಸುದ್ದಿಗೆ ನಾವು ವಾರ್ತೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ. ಕೌಟಿಲ್ಯನು ನಾಲ್ಕು ವಿದ್ಯೆಗಳನ್ನು ಹೇಳುವಾಗ ಅವುಗಳಲ್ಲಿ ವಾರ್ತೆಯನ್ನೂ ಒಂದೆಂದು ಎಣಿಸುತ್ತಾನೆ. ಕೃಷಿ, ಪಶುಪಾಲನೆ, ವಾಣಿಜ್ಯ ಇವು ಸೇರಿ ವಾರ್ತೆ. ಅಂದರೆ ಜೀವನೋಪಾಯ. ಒಂದೇ ಶಬ್ದದಲ್ಲಿ ಸುದ್ದಿಯೂ ಇದೆ, ಹೊಟ್ಟೆಪಾಡೂ ಇದೆ. ಅಡಿಕೆಯ ಧಾರಣೆ ಏರಿತೋ ಇಳಿಯಿತೋ, ರಾಶಿಗೆ ಎಷ್ಟು, ಚಾಲಿಗೆ ಎಷ್ಟು ಎಂಬುದು ಬೆಳೆಗಾರನಿಗೆ ಸುದ್ದಿಯೂ ಹೌದು, ಬದುಕೂ ಹೌದು. ಮುಳುಗಡೆಯ ಜಮೀನಿನ ವರದಿ ನಮ್ಮ ನೆರೆಯವರಿಗೆ ಹಾಗೆಯೇ. ಅತ್ತ ಅದನ್ನು ಬರೆದವನಿಗೂ ಅದೇ ಜೀವನೋಪಾಯ. ಇಬ್ಬರ ವಾರ್ತೆಯೂ ನಡೆಯಬೇಕು. ಒಬ್ಬನದನ್ನು ನಿಲ್ಲಿಸಿ ಇನ್ನೊಬ್ಬನದನ್ನು ಉಳಿಸುವುದು ನ್ಯಾಯವಲ್ಲ.

ಕಟ್ಟೆ ಕಟ್ಟಿದರೆ ಓದುಗರು ಏನಾಗುತ್ತಾರೆ? ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ೨೦೧೦ರಲ್ಲಿ ಮೂರು ಸ್ಥಳೀಯ ಪತ್ರಿಕೆಗಳು ತಮ್ಮ ಜಾಲತಾಣಕ್ಕೆ ಹಣ ಕೇಳತೊಡಗಿದಾಗ, ಅಲ್ಲಿಗೆ ಬರುವವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತೆಂದು ಅರ್ಥಶಾಸ್ತ್ರಜ್ಞರು ತೋರಿಸಿದರು. ಅದರಲ್ಲಿಯೂ ಹೆಚ್ಚಾಗಿ ಬಿಟ್ಟುಹೋದವರು ಎಳೆಯರು. ಆಕ್ಸ್‌ಫರ್ಡಿನ ರಾಯ್ಟರ್ಸ್ ಅಧ್ಯಯನ ಸಂಸ್ಥೆ ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ಇಪ್ಪತ್ತು ಸ್ಥಿತಿವಂತ ದೇಶಗಳಲ್ಲಿ ಜಾಲದ ಸುದ್ದಿಗೆ ಹಣ ಕೊಟ್ಟವರು ನೂರಕ್ಕೆ ೧೭ ಮಂದಿ. ಸ್ಥಿತಿವಂತ ದೇಶಗಳಲ್ಲೇ ಹೀಗಾದರೆ ನಮ್ಮ ಪಾಡೇನು? ಆದರೆ ಮತ್ತೊಂದು ಮಗ್ಗುಲನ್ನೂ ನೋಡಬೇಕು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ೨೦೨೪ರ ಹೊತ್ತಿಗೆ ಒಂದು ಕೋಟಿಗೂ ಮಿಕ್ಕಿದ ಚಂದಾದಾರರಿದ್ದರು. ಜಾಹೀರಾತಿಗಿಂತ ಓದುಗರ ಹಣದ ಮೇಲೇ ಅದು ಹೆಚ್ಚಾಗಿ ನಿಂತಿದೆ. ಆದರೆ ಅಷ್ಟು ಬಲ ಲೋಕದ ಭಾಷೆಯಲ್ಲಿ ಬರೆಯುವ ಒಂದು ದೈತ್ಯ ಪತ್ರಿಕೆಗೆ ಉಂಟು. ಒಂದು ತಾಲ್ಲೂಕಿನ, ಒಂದು ಜಿಲ್ಲೆಯ ಪತ್ರಿಕೆಗೆ ಒಂದು ಕೋಟಿ ಓದುಗರನ್ನು ಎಲ್ಲಿಂದ ತರುವುದು?

ಓದುಗರ ಸಂಖ್ಯೆಗಿಂತ ಗಹನವಾದ ಪ್ರಶ್ನೆ ಪತ್ರಿಕೆಯ ಪ್ರಭಾವದ್ದು. ಪ್ರಭಾವವೆಂಬುದು ಮಾರಾಟವಾದ ಪ್ರತಿಗಳ ಲೆಕ್ಕದಲ್ಲಿ ಎಂದೂ ನಿಂತಿಲ್ಲ. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನಾವು ಇಂದಿಗೂ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಓದಬಲ್ಲವರು ವಿರಳವಾಗಿದ್ದ ಕಾಲ. ಒಬ್ಬನು ಓದಿ, ಸುತ್ತ ಕೂತವರು ಕೇಳುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಭಾರತವನ್ನೂ ಜೈಮಿನಿಯನ್ನೂ ನಮ್ಮ ಹಿರಿಯರು ಹಾಗೆಯೇ ಕೇಳಿ ಬಾಯಿಪಾಠ ಮಾಡಿದರು. ಪತ್ರಿಕೆಯೂ ಅದೇ ಜಗಲಿಯ ಮೇಲೆ ಬಂದು ಕೂತಿತು. ನಾನು ಕಂಡಂತೆ ನಮ್ಮ ಸೀಮೆಯಲ್ಲಿ ಬಸ್ಸಿನಲ್ಲಿ ಬಂದ ಒಂದು ಪ್ರತಿ ಅಂಗಡಿಯ ಕಟ್ಟೆಯಿಂದ ಕ್ಷೌರದ ಅಂಗಡಿಗೆ, ಅಲ್ಲಿಂದ ಶಾಲೆಗೆ, ಕೊನೆಗೆ ಸಂಜೆ ಯಾರದೋ ಮನೆಗೆ ಹೋಗುತ್ತಿತ್ತು. ಅಂಚೆಯಲ್ಲಿ ಒಂದು ದಿನ ತಡವಾಗಿ ಬಂದ ಪ್ರತಿಯೂ ಒಳನಾಡಿನ ಮನೆಗಳಲ್ಲಿ ಹೊಸದೇ.

ಹಣ ಕೊಟ್ಟು ಓದುವುದರಿಂದಲೇ ಪ್ರಭಾವ ಕುಗ್ಗುವುದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯವರೇ ನಿದರ್ಶನ ಹಾಕಿಕೊಟ್ಟಿದ್ದಾರೆ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರಾದ ಪಿ. ಲಂಕೇಶರು ೧೯೮೦ರಲ್ಲಿ ವಾರಪತ್ರಿಕೆ ಆರಂಭಿಸಿದಾಗ ಜಾಹೀರಾತನ್ನೇ ತೆಗೆದುಕೊಳ್ಳುವುದಿಲ್ಲವೆಂದು ನಿಶ್ಚಯಿಸಿದರು. ಪತ್ರಿಕೆ ನಿಂತದ್ದು ಕೊಂಡವರ ದುಡ್ಡಿನ ಮೇಲೆ. ಆ ಕಾರಣದಿಂದಲೇ ಯಾವ ಮಂತ್ರಿಗೂ ಯಾವ ಧಣಿಗೂ ಮುಖ ನೋಡದೆ ಬರೆಯುವ ಧೈರ್ಯ ಅದಕ್ಕೆ ಬಂತು. ೧೯೮೩ರಲ್ಲಿ ಕರ್ನಾಟಕದ ಸರ್ಕಾರ ಬದಲಾದಾಗ ಅದರಲ್ಲಿ ಆ ಪತ್ರಿಕೆಯ ಪಾಲೂ ಇತ್ತೆಂದು ನಂಬುವವರು ಬಹಳ ಮಂದಿ. ಅದರ ರುಚಿ ನೋಡಿದವರೆಲ್ಲ ಅದನ್ನು ಕೊಂಡವರಲ್ಲ. ಹಾಸ್ಟೆಲಿನಲ್ಲಿ ಒಬ್ಬ ಕೊಂಡರೆ ಒಂದು ಸಾಲು ಕೋಣೆಗಳಿಗೆ ಅದು ಕೈಬದಲಾಗುತ್ತಿತ್ತು. ಓದುಗನ ಹಣ ಪತ್ರಿಕೆಗೆ ಬೆನ್ನೆಲುಬು ಕೊಟ್ಟಿತು. ಕೈಬದಲಾದ ಪ್ರತಿ ಅದಕ್ಕೆ ಪ್ರಭಾವ ಕೊಟ್ಟಿತು. ಎರಡೂ ಬೇಕು.

ಇದೇ ವಿವೇಕ ಗಾಂಧೀಜಿಯವರಲ್ಲಿಯೂ ಇತ್ತು. ತಮ್ಮ ಪತ್ರಿಕೆಗಳಿಗೆ ಅವರು ಜಾಹೀರಾತು ಬೇಡವೆಂದವರು. ೧೯೧೯ರ ಏಪ್ರಿಲಿನಲ್ಲಿ ರೌಲಟ್ ಕಾಯಿದೆಯ ವಿರುದ್ಧ ಸರ್ಕಾರದ ನೋಂದಣಿ ಇಲ್ಲದೆ ಹೊರಡಿಸಿದ 'ಸತ್ಯಾಗ್ರಹಿ' ಎಂಬ ಚಿಕ್ಕ ಪತ್ರಿಕೆಗೆ ಒಂದು ಪೈಸೆ ಬೆಲೆ ಇಟ್ಟಿದ್ದರು. ಜೊತೆಗೇ, ಓದಿದವರು ಅದನ್ನು ನಕಲು ಮಾಡಿ ಸ್ನೇಹಿತರಿಗೆ ಹಂಚಬೇಕೆಂದು ಕೇಳಿಕೊಂಡಿದ್ದರು. ಬೆಲೆಯೂ ಇತ್ತು, ಹಂಚುವ ಅನುಮತಿಯೂ ಇತ್ತು.

ಬೆಲೆ ಏರಿದರೆ ಓದುಗ ಕಡಿಮೆಯಾಗುತ್ತಾನೆ, ಓದುಗ ಕಡಿಮೆಯಾದರೆ ಮಾತಿನ ಸ್ವಾತಂತ್ರ್ಯಕ್ಕೇ ಪೆಟ್ಟು ಎಂಬ ತತ್ತ್ವವನ್ನು ನಮ್ಮ ಸುಪ್ರೀಂ ಕೋರ್ಟು ೧೯೬೧ರಲ್ಲೇ ಒಪ್ಪಿದೆ. ಪುಟಗಳ ಸಂಖ್ಯೆಗೆ ತಕ್ಕಂತೆ ಪತ್ರಿಕೆಯ ಬೆಲೆಯನ್ನು ಕಟ್ಟುಮಾಡುವ ಕಾಯಿದೆಯೊಂದನ್ನು ಸರ್ಕಾರ ೧೯೫೬ರಲ್ಲಿ ಮಾಡಿತ್ತು. ಪುಣೆಯ 'ಸಕಾಳ್' ಪತ್ರಿಕೆಯವರು ಅದನ್ನು ಪ್ರಶ್ನಿಸಿ ಹೋದಾಗ, ಬರೆಯುವ ಹಕ್ಕಿನಲ್ಲಿ ಬರೆದುದನ್ನು ಪ್ರಸಾರ ಮಾಡುವ ಹಕ್ಕೂ ಸೇರಿದೆ, ಪ್ರಸಾರವನ್ನು ಕುಗ್ಗಿಸುವ ಕಟ್ಟಳೆ ಸಲ್ಲದು ಎಂದು ನ್ಯಾಯಾಲಯ ಆ ಕಾಯಿದೆಯನ್ನು ತಳ್ಳಿಹಾಕಿತು. ಅಂದು ಬೆಲೆಯ ಕಟ್ಟಳೆ ಹೊರಗಿನಿಂದ, ಸರ್ಕಾರದಿಂದ ಬಂದಿತ್ತು. ಇಂದು ಕಟ್ಟೆಯನ್ನು ಪತ್ರಿಕೆಯೇ ತನ್ನ ಕೈಯಾರೆ ಕಟ್ಟಿಕೊಳ್ಳುತ್ತಿದೆ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪಿಲ್ಲ. ಆದರೆ ಪ್ರಸಾರ ಕುಗ್ಗಿದಾಗ ಮಾತಿಗೆ ಬೀಳುವ ಪೆಟ್ಟು ಯಾರು ಕಟ್ಟಿದರೂ ಒಂದೇ.

ಅಚ್ಚಿನ ಪತ್ರಿಕೆಯ ಬೆಲೆಗೂ ಈ ಹೊಸ ಸುಂಕಕ್ಕೂ ನಡುವೆ ಇರುವ ಭೇದ ನನಗೆ ಕಾಣುವುದು ಇಲ್ಲಿ. ಅಚ್ಚಿನ ಪ್ರತಿಯನ್ನು ಒಬ್ಬ ಕೊಂಡರೆ ಅದು ಅವನ ವಸ್ತು. ಯಾರಿಗೆ ಬೇಕಾದರೂ ಕೊಡಬಹುದು. ಮೊಬೈಲಿನ ಚಂದಾ ಹಾಗಲ್ಲ. ಅದು ಒಬ್ಬನ ಹೆಸರಿಗೆ, ಒಬ್ಬನ ಗುಪ್ತಸಂಖ್ಯೆಗೆ ಕಟ್ಟುಬಿದ್ದದ್ದು. ಒಬ್ಬ ಕೊಟ್ಟು ಹತ್ತು ಮಂದಿ ಓದುವ ಲೆಕ್ಕ ಹೋಗಿ, ಒಬ್ಬ ಕೊಟ್ಟು ಒಬ್ಬನೇ ಓದುವ ಲೆಕ್ಕ ಬಂದಿದೆ. ಬೆಲೆ ಕೇಳಿದ್ದರಿಂದ ನನಗೆ ದುಃಖವಿಲ್ಲ. ಜಗಲಿಯನ್ನು ಕಿತ್ತುಹಾಕಿದ್ದರಿಂದ ದುಃಖ.

ಜಗಲಿ ಹೋದರೆ ಆ ಜಾಗ ಖಾಲಿಯಾಗಿಯೇನೂ ಉಳಿಯುವುದಿಲ್ಲ. ನಿಜವಾದ ಸುದ್ದಿಗೆ ಸುಂಕವಿರಬಹುದು, ಗಾಳಿಸುದ್ದಿಗೆ ಸುಂಕವಿಲ್ಲ. ಅದು ಎಲ್ಲರ ಮನೆಗೂ ಪುಕ್ಕಟೆ ಬರುತ್ತದೆ, ನಡುರಾತ್ರಿಯಲ್ಲಿಯೂ ಬರುತ್ತದೆ. ಇದರ ಅಪಾಯ ನಮ್ಮ ಸೀಮೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ೨೦೧೮ರ ಕೊನೆಯಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡು, ಮುಂದಿನ ಬೇಸಿಗೆಯವರೆಗೂ ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತ ಮಂಗವನ್ನು ಮುಟ್ಟಬಾರದು, ಕಂಡ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಎಂಬ ಮಾತುಗಳು ಅಂದು ಪ್ರತಿ ಮನೆಗೂ ಮುಟ್ಟಬೇಕಾಗಿತ್ತು. ಇಂಥ ಮಾತು ಹಣ ಕೊಟ್ಟವರ ಮನೆಗೆ ಮಾತ್ರ ಮುಟ್ಟಿದರೆ ಸಾಕೆ? ದರಗು ತರಲು, ಸೌದೆ ತರಲು ಕಾಡಿಗೆ ಹೋಗುವವಳು ಚಂದಾದಾರಳಲ್ಲ. ಆದರೆ ಉಣುಗು ಕಚ್ಚುವುದು ಅವಳನ್ನೇ.

ಹಾಗಾದರೆ ದಾರಿ ಏನು? ಬರಿಯ ದೂರು ಹೇಳಿ ಕೂರುವುದು ಮೇಷ್ಟರ ಲಕ್ಷಣವಲ್ಲ. ನನಗೆ ತೋಚಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ಶಕ್ತಿ ಇದ್ದವರು ಹಣ ಕೊಡಬೇಕು. ಪಟ್ಟಣಗಳಲ್ಲಿ ರೇಡಿಯೋ, ಟೆಲಿವಿಷನ್, ಮೊಬೈಲುಗಳನ್ನು ಇಟ್ಟುಕೊಂಡಿರುವ ನಮ್ಮಂಥ ಮನೆಗಳಲ್ಲಿ ತಿಂಗಳಿಗೆ ಮೊಬೈಲಿನ ರೀಚಾರ್ಜಿಗೆ ಹೋಗುವ ಹಣದಲ್ಲಿ ಒಂದು ಚೂರನ್ನು ಸುದ್ದಿಗೆ ಎತ್ತಿಡುವುದು ಕಷ್ಟವಲ್ಲ. ಹಣ ಕೊಡದ ಓದುಗನಿಗೆ ಪತ್ರಿಕೆಯನ್ನು ಪ್ರಶ್ನಿಸುವ ಅಧಿಕಾರವೂ ಕಡಿಮೆ. ನಾವು ಕೊಡದೆ ಬಿಟ್ಟ ಬೆಲೆಯನ್ನು ಬೇರೆ ಯಾರೋ ಕೊಡುತ್ತಾರೆ. ಆಮೇಲೆ ಪತ್ರಿಕೆ ಅವರ ಮಾತನ್ನು ಕೇಳುತ್ತದೆ.

ಎರಡನೆಯದು, ಕಟ್ಟೆ ಇದ್ದರೂ ಪಕ್ಕದಲ್ಲೊಂದು ದಾರಿ ಇರಬೇಕು. ರೋಗರುಜಿನ, ನೆರೆ, ಬರ, ಚುನಾವಣೆ, ಜಮೀನಿನ ಆಜ್ಞೆ, ಮಾರುಕಟ್ಟೆಯ ಧಾರಣೆ ಇಂಥವನ್ನು ಯಾವ ಪತ್ರಿಕೆಯೂ ಬಾಗಿಲ ಹಿಂದೆ ಇಡಬಾರದು. ೨೦೨೦ರಲ್ಲಿ ಕೋವಿಡ್ ಬಂದಾಗ ಲೋಕದ ಎಷ್ಟೋ ದೊಡ್ಡ ಪತ್ರಿಕೆಗಳು ಆ ವಿಷಯದ ಬರಹಗಳನ್ನು ಎಲ್ಲರಿಗೂ ತೆರೆದಿಟ್ಟವು. ಮಹಾಮಾರಿಗೆ ತೆರೆದ ಬಾಗಿಲನ್ನು ಮಂಗನ ಕಾಯಿಲೆಗೂ ತೆರೆಯಬಹುದಲ್ಲ!

ಮೂರನೆಯದು, ಚಂದಾದಾರನಿಗೆ ಹಂಚುವ ಹಕ್ಕು ಕೊಡಬೇಕು. 'ನ್ಯೂಯಾರ್ಕ್ ಟೈಮ್ಸ್' ತನ್ನ ಚಂದಾದಾರರು ತಿಂಗಳಿಗೆ ಹತ್ತು ಲೇಖನಗಳನ್ನು ಬೇರೆಯವರಿಗೆ ಉಡುಗೊರೆಯಾಗಿ ಕಳಿಸಲು ಒಪ್ಪಿದೆ. ಲಂಡನ್ನಿನ 'ಗಾರ್ಡಿಯನ್' ಪತ್ರಿಕೆ ತನ್ನ ಜಾಲತಾಣದ ಸುದ್ದಿಗೆ ಕಟ್ಟೆ ಹಾಕದೆ, ಓದಿದವರಲ್ಲಿ ಮನಸ್ಸಿದ್ದವರು ಕೊಡಲಿ ಎಂದು ಕೇಳುವ ದಾರಿ ಹಿಡಿಯಿತು. ನಮ್ಮವರು ಈ ಎರಡರಲ್ಲಿ ಯಾವುದನ್ನಾದರೂ ನಮಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ನಾಲ್ಕನ���ಯದು ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು: ಗ್ರಂಥಾಲಯ. ೧೯೬೫ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಮನೆಕಂದಾಯ ಕಟ್ಟುವಾಗ ಅದರ ಜೊತೆ ಗ್ರಂಥಾಲಯದ ಕರವನ್ನೂ ಕಟ್ಟುತ್ತೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಅಲ್ಲಿ ಮೇಜಿನ ಮೇಲೆ ಅಚ್ಚಿನ ಪತ್ರಿಕೆ ಇಡುವಂತೆಯೇ, ಅಲ್ಲಿಯ ಕಂಪ್ಯೂಟರಿನಲ್ಲಿ ಪತ್ರಿಕೆಗಳ ಚಂದಾ ಕೂಡ ಇರಲಿ. ಸರ್ಕಾರವೋ ಪಂಚಾಯಿತಿಯೋ ಊರಿನ ಹೆಸರಿನಲ್ಲಿ ಒಂದು ಸಲ ಸುಂಕ ಕಟ್ಟಿದರೆ, ಬಂದು ಕೂತವರೆಲ್ಲ ಓದಬಹುದು. ಪತ್ರಿಕೆಗೂ ಹಣ ಬಂತು, ಊರಿಗೂ ಸುದ್ದಿ ಬಂತು. ಕಿತ್ತುಹೋದ ಜಗಲಿಯನ್ನು ಮತ್ತೆ ಕಟ್ಟಿಕೊಳ್ಳುವ ದಾರಿ ಅದು.

ಕೊನೆಗೆ ನಮ್ಮ ನೆರೆಯವರ ಕಥೆ ಏನಾಯಿತೆಂದು ಕೇಳುವಿರಿ. ಆ ಸಂಜೆ ನಾನು ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿ, ಹೇಗೆ ಕಟ್ಟುವುದೆಂದು ಕೇಳಿಕೊಂಡು, ನನ್ನ ಹೆಸರಿನಲ್ಲಿ ಒಂದು ವರ್ಷದ ಚಂದಾ ಕಟ್ಟಿದೆ. ಬಾಗಿಲು ತೆರೆಯಿತು. ಮರುದಿನ ಅವರನ್ನು ಕರೆಸಿ, ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಿದೆ. ಅದರಲ್ಲಿ ಅವರ ಊರಿನ ಹೆಸರು ಇರಲಿಲ್ಲ. ಬೇರೆ ಕಡೆಯ ಸರ್ವೆಯ ವಿಷಯ. ಅವರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮದು ಇಲ್ಲ ಅಂತ ಗೊತ್ತಾದದ್ದೂ ಒಂದು ಸಮಾಧಾನವೇ ಮೇಷ್ಟ್ರೇ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ" ಎಂದರು.

ಆ ಎರಡು ಸಾಲು ಓದಿ, ಮೂರನೆಯ ಸಾಲು ಕಾಣದೆ ಒಬ್ಬ ಮುದುಕ ರಾತ್ರಿಯೆಲ್ಲ ಎಚ್ಚರವಾಗಿದ್ದ. ಕಟ್ಟೆ ಕಟ್ಟುವವರಿಗೆ ಈ ಸಂಗತಿ ತಿಳಿದಿರಲಿ. ಪುಕ್ಕಟೆ ಓದುವ ನಮಗೂ ಮೂರನೆಯ ಸಾಲನ್ನು ಬರೆಯುವವನೊಬ್ಬ ಇರಬೇಕು, ಅವನ ಒಲೆಯೂ ಉರಿಯಬೇಕು ಎಂಬುದು ನೆನಪಿರಲಿ. ಪಿಡಿಎಫ್ ಬರುತ್ತಿದ್ದ ಗುಂಪನ್ನು ನಾನು ಬಿಟ್ಟಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿ ಬರೆಯುವ ಪತ್ರಿಕೆ ಈಗ ದಿನಾ ಬೆಳಗಿನ ಬಸ್ಸಿನಲ್ಲಿ ಬರುತ್ತದೆ. ಹಣ ಕೊಡುವವನು ನಾನೊಬ್ಬ. ಓದಿದ ಮೇಲೆ ಮಡಿಸಿ ಜಗಲಿಯ ಮೇಲೆ ಇಡುತ್ತೇನೆ. ಯಾರಾದರೂ ತೆಗೆದುಕೊಂಡು ಹೋಗುತ್ತಾರೆ.